ಪೀಣ್ಯದಿಂದ ಉಪ್ಪಿನಂಗಡಿಗೆ, ಪರ್ಸೆಂಟಿನ ಲೆಕ್ಕದಲ್ಲಿ

ಬೆಳಗಿನ ಜಾವ ನಾಲ್ಕೂಕಾಲಕ್ಕೆ ಪೀಣ್ಯದ ಶೆಡ್ಡಿನ ಮುಂದೆ ಗಾಡಿ ಬಂದು ನಿಂತದ್ದು ನನಗೆ ಗೊತ್ತೇ ಆಗಲಿಲ್ಲ. ಡೀಸೆಲ್ ಗಾಡಿಯಾಗಿದ್ದರೆ ಬೀದಿಯ ತುದಿಯಿಂದಲೇ ಕೆಮ್ಮುತ್ತ ಬರುತ್ತಿತ್ತು. ಇದು ಬೆಕ್ಕಿನ ಹಾಗೆ ಬಂದು ಬೆನ್ನ ಹಿಂದೆ ನಿಂತಿತ್ತು. ಹಸಿರು ನಂಬರ್ ಪ್ಲೇಟು, ಅದರ ಮೇಲೆ ಹಳದಿ ಅಕ್ಷರ. ಬಾಡಿಗೆಗೆ ಓಡುವ ಎಲೆಕ್ಟ್ರಿಕ್ ಗಾಡಿಯ ಗುರುತು ಅದು.

ಹೊತ್ತುಕೊಂಡು ಹೋಗಬೇಕಾಗಿದ್ದದ್ದು ಅಡಿಕೆ ಹಾಳೆಯಿಂದ ತಟ್ಟೆ ಒತ್ತುವ ಯಂತ್ರ. ತೂಕ ನಾನೂರೈವತ್ತು ಕೇಜಿ. ಉಪ್ಪಿನಂಗಡಿಯ ಹತ್ತಿರ ತೋಟ ಮಾಡಿಕೊಂಡಿರುವ ನಮ್ಮ ಭಾವ ಎರಡು ವರ್ಷದಿಂದ ಇದರ ಕನಸು ಕಾಣುತ್ತಿದ್ದವರು. "ಹೇಗೂ ನೀನು ಊರಿಗೆ ಬರುವವಳೇ ಅಲ್ವಾ, ಮಿಷನಿನೊಟ್ಟಿಗೇ ಬಾ ಮಾರಾಯ್ತಿ, ದಾರಿಯಲ್ಲಿ ಅದಕ್ಕೊಂದು ಕಣ್ಣಿದ್ದ ಹಾಗಾಯ್ತು" ಎಂದು ಅಕ್ಕ ಫೋನಿನಲ್ಲಿ ಹೇಳಿದ್ದಳು. ಯಂತ್ರದ ಪಕ್ಕದಲ್ಲಿ ಇನ್ನೊಂದು ಸಾಮಾನಾಗಿ ನಾನೂ ಲೋಡಾದೆ.

ಗಾಡಿಯವನು ಮೂವತ್ತರ ಆಸುಪಾಸಿನ ಹುಡುಗ, ನಾಗಮಂಗಲ ಕಡೆಯವನು. ಲಗ್ಗೆರೆಯಲ್ಲಿ ಬಾಡಿಗೆ ಮನೆ. ಪೀಣ್ಯದ ಕಾರ್ಖಾನೆಗಳಿಂದ ಊರೊಳಗಿನ ಅಂಗಡಿಗಳಿಗೆ ಸರಕು ಹೊಡೆಯುವುದು ಅವನ ದಿನದ ಕೆಲಸ. ಮುನ್ನೂರು ಕಿಲೋಮೀಟರಿನ ಬಾಡಿಗೆ ಇದೇ ಮೊದಲು. "ನೋಡೇಬಿಡಣ ಅಂತ ಒಪ್ಕೊಂಡೆ ಕಣಕ್ಕ" ಎನ್ನುತ್ತ ಹಗ್ಗದ ಕೊನೆಯ ಗಂಟು ಬಿಗಿದ. ಡ್ಯಾಶ್‌ಬೋರ್ಡಿನ ಮೇಲೆ ಬಾಳೆಹಣ್ಣಿನ ಪಕ್ಕದಲ್ಲಿ ಒಂದು ಉದ್ದನೆಯ ಬೈಂಡ್ ಪುಸ್ತಕವಿತ್ತು. ಕಿರಾಣಿ ಅಂಗಡಿಯ ಸಾಲದ ಪುಸ್ತಕದಂಥದ್ದು. ಗೆರೆ ಎಳೆದು ನಾಲ್ಕು ಕಾಲಂ ಮಾಡಿದ್ದ: ಕಿ.ಮೀ., ಪರ್ಸೆಂಟು, ಯೂನಿಟ್ಟು, ರೂಪಾಯಿ. ಮೊದಲನೇ ಸಾಲನ್ನು ಮನೆಯಲ್ಲೇ ಬರೆದುಕೊಂಡು ಬಂದಿದ್ದ: 0 ಕಿ.ಮೀ., 100 ಪರ್ಸೆಂಟು, ಇಪ್ಪತ್ತೊಂದೂವರೆ ಯೂನಿಟ್ಟು, 144 ರೂಪಾಯಿ.

ಮನೆಯ ಕರೆಂಟಿಗೆ ಯೂನಿಟ್ಟಿಗೆ 5 ರೂಪಾಯಿ 80 ಪೈಸೆ ತಾನೇ, 144 ಹೇಗಾಯಿತು ಎಂದು ಕೇಳಿದೆ. ವಿದ್ಯುತ್ ನೌಕರರ ಪಿಂಚಣಿಗೆಂದು 2025ರ ಏಪ್ರಿಲಿನಿಂದ ಸೇರಿದ 36 ಪೈಸೆ, ಅದರ ಮೇಲೆ ಶೇ 9ರ ಟ್ಯಾಕ್ಸು, ಎಲ್ಲ ಕೂಡಿ ಹತ್ತಿರ ಹತ್ತಿರ ಆರು ಮುಕ್ಕಾಲು ಬೀಳುತ್ತದೆ ಎಂದು ಬೆರಳೆಣಿಸಿ ಹೇಳಿದ. ಬಿಲ್ಲನ್ನು ನಾನು ಇಷ್ಟು ವರ್ಷ ಕೊನೆಯ ಸಾಲು ನೋಡಿ ಕಟ್ಟುತ್ತಿದ್ದವಳು. ಆ ಬೆಳಗಿನ ಜಾವದಲ್ಲಿ ಸ್ವಲ್ಪ ನಾಚಿಕೆಯಾಯಿತು.

"ಆದ್ರೆ ನಮ್ಮವ್ವ ಹಾಕೋ ಲೆಕ್ಕವೇ ಬೇರೆ" ಎಂದ. ಗಾಡಿ ಬರುವ ಮುಂಚೆ ಮನೆಗೆ ಗೃಹಜ್ಯೋತಿಯ ಸೊನ್ನೆ ಬಿಲ್ಲು ಬರುತ್ತಿತ್ತು. ಹಿಂದಿನ ವರ್ಷದ ಸರಾಸರಿ ಬಳಕೆಯ ಮೇಲೆ ಶೇ 10 ಸೇರಿಸಿ ಅಷ್ಟು ಯೂನಿಟ್ಟು ಪುಕ್ಕಟೆ. 200 ದಾಟಿದರೆ ಪೂರ್ತಿ ಬಿಲ್ಲು ಕಟ್ಟಬೇಕು. ಗಾಡಿ ತಿಂಗಳಿಗೆ ನಾನೂರರ ಮೇಲೆ ಕುಡಿಯುತ್ತದೆ. "ಮನೇಲಿ ಎರಡು ಲೈಟು, ಒಂದು ಟೀವಿ. ಅದುಕ್ಕೂ ದುಡ್ಡು ಕಟ್ಟೋ ಹಂಗೆ ಮಾಡ್ಬುಟ್ಟೆ ಅಂತಾಳೆ." ಸೊನ್ನೆ ಹೋದದ್ದನ್ನೂ ಗಾಡಿಯ ಖರ್ಚಿಗೆ ಬರೆದುಕೊಳ್ಳಬೇಕು ಎಂಬುದು ಆ ತಾಯಿಯ ವಾದ. ತಪ್ಪೇನೂ ಕಾಣಲಿಲ್ಲ ನನಗೆ.

ನೆಲಮಂಗಲ ದಾಟಿ ಹಾಸನದ ಕಡೆ ತಿರುಗಿದ ಮೇಲೆ ಕತ್ತಲು, ಚಳಿ, ಖಾಲಿ ರಸ್ತೆ. ಕಾರ್ತಿಕದ ಮಂಜು ಹೊಲಗಳ ಮೇಲೆ ಮೊಣಕಾಲೆತ್ತರಕ್ಕೆ ನಿಂತಿತ್ತು. ನಲವತ್ತೈದರ ಮೇಲೆ ಹೋಗದ ಗಾಡಿಯನ್ನು ಲಾರಿಗಳೂ ಹಿಂದೆ ಹಾಕಿ ಹೋಗುತ್ತಿದ್ದವು. ಇನ್ನೂ ಜೋರಾಗಿ ಹೋಗುತ್ತದೆ, ಆದರೆ ಅರವತ್ತಕ್ಕೆ ಏರಿದರೆ ಪರ್ಸೆಂಟು ಕಣ್ಣ ಮುಂದೆಯೇ ಕರಗುತ್ತದೆ. ಕಾಗದದ ಮೇಲೆ ಈ ಜಾತಿಯ ಗಾಡಿಗಳು ಒಂದು ಚಾರ್ಜಿಗೆ ನೂರೈವತ್ತು ಕಿಲೋಮೀಟರು ಓಡುತ್ತವೆ. ಲೋಡು ಹಾಕಿ ಹೆದ್ದಾರಿಗೆ ಬಿಟ್ಟರೆ ನೂರು, ನೂರಹತ್ತು. ಕಾಲು ಹಗುರಾಗಿಟ್ಟವನಿಗೆ ಇನ್ನೊಂದು ಹತ್ತು. ಎತ್ತಿನ ಗಾಡಿ ಹೊಡೆಯುವವರು ಎತ್ತಿನ ಉಸಿರು ನೋಡಿಕೊಂಡು ಹೊಡೆಯುತ್ತಿದ್ದ ಹಾಗೆ ಈ ಹುಡುಗ ಆ ಹಸಿರು ಅಂಕಿಯನ್ನು ನೋಡಿಕೊಂಡು ಹೊಡೆಯುತ್ತಿದ್ದ. ಕುಣಿಗಲ್ ಬಂದಾಗ, ಟಿಪ್ಪುವಿನ ಕಾಲದಿಂದ ಕುದುರೆ ಸಾಕುತ್ತ ಬಂದ ಊರು ಇದು, ದಂಡಿನ ಕುದುರೆಗಳಿಗೂ ಹುಲ್ಲು ನೀರಿನ ಲೆಕ್ಕ ಹೀಗೇ ಇದ್ದಿರಬೇಕು ಎಂದೆ. "ಕುದುರೆ ದಾರಿ ಬದಿ ಹುಲ್ಲು ಮೇಯ್ತದೆ ಅಕ್ಕ. ಇದು ಮೇಯಕಿಲ್ವಲ್ಲ" ಎಂದ.

ಯಡಿಯೂರಿನಲ್ಲಿ ಸಿದ್ಧಲಿಂಗೇಶ್ವರನಿಗೆ ಗಾಡಿಯಲ್ಲೇ ಕೈಮುಗಿದು, ಬೆಳಕು ಹರಿದು ಬಿಸಿಲು ಬರುವ ಹೊತ್ತಿಗೆ ಬೆಳ್ಳೂರು ಕ್ರಾಸಿಗೆ ಬಂದೆವು. ತೊಂಬತ್ತೈದು ಕಿಲೋಮೀಟರು, ಉಳಿದದ್ದು 22 ಪರ್ಸೆಂಟು. ಬೆಸ್ಕಾಂ ಸೀಮೆ ಮುಗಿದು ಚಾಮುಂಡೇಶ್ವರಿ ವಿದ್ಯುತ್ ನಿಗಮದ ಸೀಮೆಗೆ ಬಂದಿದ್ದೆವು.

ಚಾರ್ಜಿಂಗ್ ಸ್ಟೇಷನ್ ಎಂದರೆ ಹೋಟೆಲ್ಲೊಂದರ ಅಂಗಳದ ಮೂಲೆಯಲ್ಲಿ ಬೀರುವಿನಷ್ಟು ಎತ್ತರದ ಒಂದು ಪೆಟ್ಟಿಗೆ, ಅದರ ಸೊಂಟಕ್ಕೆ ಎರಡು ಗನ್ನು. ನೋಡಿಕೊಳ್ಳುವವರು ಯಾರೂ ಇಲ್ಲ. ಮೊಬೈಲಿನಲ್ಲಿ ಅವರ ಆ್ಯಪ್ ಇಳಿಸಿ, ಅದರ ವಾಲೆಟ್ಟಿಗೆ ಮೊದಲೇ ದುಡ್ಡು ತುಂಬಬೇಕು. ಕನಿಷ್ಠ ಐನೂರು. ನಮಗೆ ಬೇಕಾಗಿದ್ದದ್ದು ಮುನ್ನೂರೈವತ್ತರದ್ದು. ಉಳಿದದ್ದು ಮುಂದಿನ ಸಲಕ್ಕೆ ಇರಲಿ ಎನ್ನಬಹುದು, ಆದರೆ ಮುಂದಿನ ಊರಿನ ಪೆಟ್ಟಿಗೆ ಇನ್ನೊಬ್ಬರದು, ಅದಕ್ಕೆ ಇನ್ನೊಂದು ಆ್ಯಪ್. ಹುಡುಗನ ಫೋನಿನಲ್ಲಿ ಹೀಗೆ ಏಳು ಆ್ಯಪ್‌ಗಳಿದ್ದವು. ಏಳರಲ್ಲೂ ಚೂರು ಚೂರು ದುಡ್ಡು ಕೂತಿತ್ತು, ಒಟ್ಟು ಒಂಬೈನೂರು ಚಿಲ್ಲರೆ. "ಏಳು ಅಂಗಡೀಲಿ ನಾನೇ ಸಾಲ ಕೊಟ್ಟಂಗೆ" ಎಂದು ನಕ್ಕ.

ಗನ್ನು ಸಿಕ್ಕಿಸಿದ. ಪೆಟ್ಟಿಗೆ ಒಳಗೆ ಏನೋ ಟಕ್ ಎಂದಿತು, ಫ್ಯಾನು ತಿರುಗಿತು, ಪರದೆಯ ಮೇಲೆ ಅಂಕಿ ಏರತೊಡಗಿತು. ದರ ಯೂನಿಟ್ಟಿಗೆ 20 ರೂಪಾಯಿ, ಅದರ ಮೇಲೆ ಜಿಎಸ್‌ಟಿ ಶೇ 18.

ನಾವು ಒಳಗೆ ಹೋಗಿ ದೋಸೆ ಹೇಳಿದೆವು. ಜಿಎಸ್‌ಟಿಯ ಕಥೆ ನನಗೆ ಗೊತ್ತಿತ್ತು, ಹೇಳಿದೆ. ಮನೆಯ ಕರೆಂಟಿಗೆ ಜಿಎಸ್‌ಟಿ ಇಲ್ಲ, ಏಕೆಂದರೆ ಅದು ಸರಕು, ಅದಕ್ಕೆ ವಿನಾಯಿತಿ ಇದೆ. ಹಾಗಾದರೆ ಗಾಡಿಗೆ ತುಂಬುವ ಕರೆಂಟು ಸರಕೋ, ಸೇವೆಯೋ? ಈ ಪ್ರಶ್ನೆಯನ್ನು ಹಿಡಿದುಕೊಂಡು 2023ರಲ್ಲಿ ಕರ್ನಾಟಕದ ಅಡ್ವಾನ್ಸ್ ರೂಲಿಂಗ್ ಪ್ರಾಧಿಕಾರದ ಬಾಗಿಲು ತಟ್ಟಿದ್ದು ಬೇರೆ ಯಾರೂ ಅಲ್ಲ, ನಾವು ದೋಸೆ ತಿನ್ನುತ್ತಿದ್ದ ಸೀಮೆಗೆ ಕರೆಂಟು ಕೊಡುವ ಇದೇ ಚಾಮುಂಡೇಶ್ವರಿ ನಿಗಮ. ಚಾರ್ಜ್ ಮಾಡಿಕೊಡುವುದು ಸೇವೆ, ಶೇ 18 ಕಟ್ಟಬೇಕು ಎಂದು ತೀರ್ಪಾಯಿತು. ಗೋಡೆಯ ಪ್ಲಗ್ಗಿನಿಂದ ಬಂದರೆ ಸರಕು, ಗನ್ನಿನಿಂದ ಬಂದರೆ ಸೇವೆ. ಗಾಡಿ ಕೊಳ್ಳುವಾಗ ಎಲೆಕ್ಟ್ರಿಕ್ ಎಂದು ಶೇ 5ಕ್ಕೆ ಇಳಿಸಿದ ತೆರಿಗೆ ಅದಕ್ಕೆ ಉಣಿಸುವಾಗ ಶೇ 18 ಆಗುತ್ತದೆ. ಹುಡುಗ ಚಟ್ನಿ ಕಲಸುತ್ತ, "ಹಸು ಕೊಟ್ಟೋರು ಹಗ್ಗಕ್ಕೆ ಜಾಸ್ತಿ ಇಸ್ಕೊಂಡಂಗೆ" ಎಂದ.

ಆದರೆ 20 ರೂಪಾಯಿ ಏಕೆ ಎಂಬುದಕ್ಕೆ ತೆರಿಗೆ ಪೂರ್ತಿ ಉತ್ತರವಲ್ಲ. ವಿದ್ಯುತ್ ನಿಯಂತ್ರಣ ಆಯೋಗ 2023ರಲ್ಲಿ ಚಾರ್ಜಿಂಗ್ ಸ್ಟೇಷನ್ನುಗಳ ದರವನ್ನು ಐದು ರೂಪಾಯಿಯಿಂದ ನಾಲ್ಕೂವರೆಗೆ ಇಳಿಸಿತ್ತು. ಮನೆಗಿಂತಲೂ ಕಡಿಮೆ. ನಾಲ್ಕೂವರೆಯದು ಇಪ್ಪತ್ತಾಗುವ ಹೊತ್ತಿಗೆ ನಡುವೆ ಏನು ನಡೆಯುತ್ತದೆ? ಹೋಟೆಲ್ ಯಜಮಾನರೇ ಗಲ್ಲಾದಿಂದ ಎದ್ದು ಬಂದು ಹೇಳಿದರು. ಪೆಟ್ಟಿಗೆಗೇ ಲಕ್ಷಗಟ್ಟಲೆ. ಅದಕ್ಕೆಂದೇ ಹಾಕಿಸಿದ ಟ್ರಾನ್ಸ್‌ಫಾರ್ಮರು. ಯಾರು ಬರಲಿ ಬಿಡಲಿ, ಇಷ್ಟು ಕಿಲೋವಾಟಿಗೆಂದು ತಿಂಗಳು ತಿಂಗಳು ಕಟ್ಟಬೇಕಾದ ನಿಗದಿ ಶುಲ್ಕ. ಜಾಗಕ್ಕೆ ತಮ್ಮ ಬಾಡಿಗೆ. ಇಷ್ಟೆಲ್ಲ ಹೊತ್ತುಕೊಂಡ ಪೆಟ್ಟಿಗೆ ದಿನಕ್ಕೆ ಎರಡು ಮೂರು ಗಂಟೆ ದುಡಿದರೆ ಹೆಚ್ಚು. ಉಳಿದ ಹೊತ್ತು ಸುಮ್ಮನೆ ನಿಂತಿರುತ್ತದೆ. ನಿಂತ ಹೊತ್ತಿನ ಖರ್ಚನ್ನೂ ದುಡಿದ ಹೊತ್ತಿನ ಯೂನಿಟ್ಟಿನ ಮೇಲೇ ಹೇರಬೇಕಲ್ಲ. "ನಮಗೆ ಅದರ ಬಾಡಿಗೆಗಿಂತ ಇದೇ ವಾಸಿ" ಎಂದು ನಮ್ಮ ತಟ್ಟೆ ತೋರಿಸಿದರು. ಚಾರ್ಜಿಗೆ ಬಂದವರು ಮುಕ್ಕಾಲು ಗಂಟೆ ಕೂರಲೇಬೇಕು, ಕೂತವರು ಏನಾದರೂ ತಿನ್ನಲೇಬೇಕು.

ಹುಡುಗ ಆ ಮಾತನ್ನು ಎಷ್ಟು ಗಂಭೀರವಾಗಿ ತೆಗೆದುಕೊಂಡನೆಂದರೆ, ಗಾಡಿಗೆ ಬಂದು ಪುಸ್ತಕದಲ್ಲಿ 14.8 ಯೂನಿಟ್ಟು, 349 ರೂಪಾಯಿ 28 ಪೈಸೆ ಎಂದು ಬರೆದು, ಅದರ ಕೆಳಗೆ ಸಣ್ಣಕ್ಷರದಲ್ಲಿ "ದೋಸೆ 180" ಎಂದೂ ಸೇರಿಸಿದ. ದೋಸೆಯ ದುಡ್ಡು ನಾನು ಕೊಟ್ಟಿದ್ದೆ. ಯಾರು ಕೊಟ್ಟರೇನು, ಚಾರ್ಜಿಂಗಿನ ಖರ್ಚು ಖರ್ಚೇ ಎಂದ.

ಬೆಳ್ಳೂರು ಕ್ರಾಸಿನಿಂದ ಹಾಸನದವರೆಗಿನ ದಾರಿಯ ಬಗ್ಗೆ ಹೇಳುವಂಥದ್ದು ಹೆಚ್ಚಿಲ್ಲ. ತೆಂಗು, ರಾಗಿ ಕುಯ್ಲು, ಚನ್ನರಾಯಪಟ್ಟಣದಲ್ಲಿ ಒಂದು ಎಳನೀರು. ಹಾಸನಕ್ಕೆ ಮುಂಚೆ ಶಾಂತಿಗ್ರಾಮ ಬರುತ್ತದೆ. ಶಾಂತಲೆಯ ಹೆಸರಿನ ಊರು ಎಂದು ಓದಿದ್ದೆ. ಅಲ್ಲೀಗ ದೊಡ್ಡ ವಿದ್ಯುತ್ ಕೇಂದ್ರವೂ ಇದೆ. ಉಡುಪಿ ಜಿಲ್ಲೆಯ ನಂದಿಕೂರಿನ ಕಲ್ಲಿದ್ದಲು ಸ್ಥಾವರದಿಂದ 400 ಕೆ.ವಿ. ತಂತಿ ಘಟ್ಟ ಹತ್ತಿ ಬಂದು ಸೇರುವುದು ಇಲ್ಲಿಗೇ. ನಾವು ಕರೆಂಟಿನಲ್ಲಿ ಘಟ್ಟ ಇಳಿಯಲು ಹೊರಟವರು, ಕರೆಂಟು ನಮಗಿಂತ ಮುಂಚೆ ಘಟ್ಟ ಹತ್ತಿ ಬಂದು ಇಲ್ಲಿ ಕಾಯುತ್ತಿತ್ತು.

ಕಾಯುತ್ತಿತ್ತು, ಆದರೆ ನಮಗೆ ಸಿಗಲಿಲ್ಲ. 20 ಪರ್ಸೆಂಟು ಉಳಿಸಿಕೊಂಡು ಹಾಸನದ ಹೊರಗಿನ ಸ್ಟೇಷನ್ನಿಗೆ ಬಂದರೆ, ಆ್ಯಪಿನಲ್ಲಿ ಹಸಿರು ಚುಕ್ಕೆ, ಎದುರಿಗೆ ಸತ್ತ ಪರದೆ. ಗನ್ನನ್ನು ಎರಡು ಸಲ ಸಿಕ್ಕಿಸಿ ತೆಗೆದ. ಸಹಾಯವಾಣಿಗೆ ಫೋನು ಮಾಡಿದ. ಹಿಂದಿಯಲ್ಲಿ ಮಾತಾಡಿದ ಹೆಣ್ಣುಮಗಳು ಸ್ಟೇಷನ್ನಿನ ನಂಬರು ಕೇಳಿ, ಬರೆದುಕೊಂಡು, ದೂರು ದಾಖಲಾಗಿದೆ ಎಂದಳು. ದೂರಿನಿಂದ ಗಾಡಿ ಓಡುವುದಿಲ್ಲ. ಊರಿನ ಇನ್ನೊಂದು ತುದಿಯ ಸ್ಟೇಷನ್ನಿಗೆ ಹೋದೆವು. ಅಲ್ಲಿ ಪೆಟ್ಟಿಗೆ ಜೀವಂತವಾಗಿತ್ತು, ನಮ್ಮ ಮುಂದೆ ಎರಡು ಟ್ಯಾಕ್ಸಿಗಳಿದ್ದವು. ಒಂದೂವರೆ ಗಂಟೆ ಆಗುತ್ತದೆ ಎಂದರು. ಹುಡುಗ ಸ್ಟೇರಿಂಗಿನ ಮೇಲೆ ಎರಡೂ ಕೈಯಿಟ್ಟು ಸುಮ್ಮನೆ ಕೂತ. ಬೆಂಗಳೂರಿನಲ್ಲಾಗಿದ್ದರೆ ಇಷ್ಟು ಹೊತ್ತಿಗೆ ಒಂದು ಲೋಕಲ್ ಬಾಡಿಗೆ ಮುಗಿಸಿ ಎರಡನೆಯದಕ್ಕೆ ಲೋಡು ಮಾಡುತ್ತಿದ್ದ. ಪುಸ್ತಕದಲ್ಲಿ ಹೊತ್ತಿಗೆ ಕಾಲಂ ಇರಲಿಲ್ಲ.

ರಸ್ತೆಯ ಆಚೆ ಒಂದು ಹಿಟ್ಟಿನ ಗಿರಣಿ. ಹಸಿ ರಾಗಿ ಬಿಸಿಯಾದ ವಾಸನೆ ಈಚೆಯವರೆಗೂ ಬರುತ್ತಿತ್ತು. "ಅಲ್ಲಿ ಹದಿನೈದು ಆಂಪಿನ ಪ್ಲಗ್ಗು ಇದ್ದೇ ಇರ್ತದೆ" ಎಂದು ಹುಡುಗ ತಟ್ಟನೆ ಎದ್ದ. ಗಿರಣಿಯವರು ಅರವತ್ತು ದಾಟಿದವರು, ರೆಪ್ಪೆಯ ಮೇಲೂ ಹಿಟ್ಟು. ಪ್ಲಗ್ಗಿತ್ತು, ಕೊಡಲು ಮನಸ್ಸೂ ಇತ್ತು. ತೊಡಕಾದದ್ದು ಎಷ್ಟು ಇಸಿದುಕೊಳ್ಳಬೇಕು ಎಂಬುದು. ಕರೆಂಟನ್ನು ಅವರು ಕೊಂಡಿದ್ದರೇ ಹೊರತು ಯಾವತ್ತೂ ಮಾರಿರಲಿಲ್ಲ.

"ಎಷ್ಟೆಳೀತದೆ ನಿಮ್ಗಾಡಿ?"

"ಗಂಟೆಗೆ ಮೂರು ಯೂನಿಟ್ಟು ಅಂದ್ಕಳಿ ಯಜಮಾನ್ರೇ."

ಅವರು ಗಿರಣಿಯ ಕಡೆ ನೋಡಿದರು. ಅದು ಏಳೂವರೆ ಎಚ್‌ಪಿ ಮೋಟಾರು, ತುಂಬ ಹೊರೆ ಬಿದ್ದರೆ ಗಂಟೆಗೆ ಆರು ಯೂನಿಟ್ಟು. ಅಂದರೆ ನಮ್ಮ ಗಾಡಿ ಅರ್ಧ ಗಿರಣಿ. ಗಿರಣಿ ಗಂಟೆಗೆ ಎಷ್ಟು ರಾಗಿ ಬೀಸುತ್ತದೆ, ಕೇಜಿಗೆ ಎಷ್ಟು ಬರುತ್ತದೆ, ಅದರಲ್ಲಿ ಕಲ್ಲಿನ ಸವೆತ ಎಷ್ಟು, ಬೆಲ್ಟು ಎಷ್ಟು, ತಮ್ಮ ಕೂಲಿ ಎಷ್ಟು ಎಂದು ಗೋಡೆಗೆ ಒರಗಿಸಿದ್ದ ತಗಡಿನ ಮೇಲೆ ಬೆರಳಿನಲ್ಲಿ ಹಿಟ್ಟಿನ ಗೆರೆ ಎಳೆಯುತ್ತ ಹೋದರು. "ನಿಮ್ದುಕ್ಕೆ ಕಲ್ಲು ಸವೆಯಕಿಲ್ಲ, ನಾನೂ ನಿಂತ್ಕಬೇಕಾಗಿಲ್ಲ. ಗಂಟೆಗೆ ನಲವತ್ತು ಕೊಟ್ಬುಡಿ." ಯೂನಿಟ್ಟಿಗೆ ಹದಿಮೂರು ರೂಪಾಯಿಯಷ್ಟಾಯಿತು. ಮನೆಯ ಆರೂಮುಕ್ಕಾಲಕ್ಕೂ ಗನ್ನಿನ ಇಪ್ಪತ್ತಮೂರೂವರೆಗೂ ಹೆಚ್ಚು ಕಡಿಮೆ ನಡುವೆ. ಆಯೋಗ ಕೂತು ಅರ್ಜಿ ಕೇಳಿ ಆದೇಶ ಹೊರಡಿಸುವ ಕೆಲಸವನ್ನು ಅವರು ಐದು ನಿಮಿಷದಲ್ಲಿ ಮುಗಿಸಿದ್ದರು. ಇಡೀ ಪ್ರಯಾಣದಲ್ಲಿ ನಾನು ಕಂಡ ನ್ಯಾಯವಾದ ದರ ಇದೊಂದೇ ಎಂದು ಈಗಲೂ ಅನ್ನಿಸುತ್ತದೆ.

ರಾಗಿ ಬೀಸಿಸಲು ಬಂದಿದ್ದ ರೈತರೊಬ್ಬರು ಇದನ್ನೆಲ್ಲ ಕೇಳುತ್ತಿದ್ದವರು, "ಅಲ್ಲಾ, ದುಡ್ಯಾಕೆ ಕೊಡ್ತೀರಿ? ಇಲ್ಲೇ ಮೂರು ಕಿಲೋಮೀಟ್ರು, ನಮ್ ಪಂಪ್‌ಸೆಟ್ ಮನೆಗೆ ಬನ್ನಿ. ಪುಗಸಟ್ಟೆ ಕರೆಂಟು" ಎಂದರು. ಹತ್ತು ಎಚ್‌ಪಿವರೆಗಿನ ನೀರಾವರಿ ಪಂಪಿಗೆ ಸರ್ಕಾರ ಬಿಲ್ಲು ಹಾಕುವುದಿಲ್ಲ, ನಿಜ. ಹುಡುಗ ಒಂದು ಗಳಿಗೆ ಆಸೆಯಿಂದ ನನ್ನ ಮುಖ ನೋಡಿದ. ಆಮೇಲೆ ತಾನೇ ತಲೆಯಾಡಿಸಿದ. "ಬ್ಯಾಡ ಅಣ್ಣ. ಹೊಲಕ್ಕೆ ಬಿಟ್ಟಿರೋದು. ಬಾಡಿಗೆ ಗಾಡಿಗೆ ಹಾಕಿದ್ರೆ ಲೈನ್‌ಮನ್ ನಿಮ್ಮನ್ನೇ ಹಿಡೀತಾನೆ." ಅವರು, "ಅವನೇ ಸ್ಕೂಟ್ರು ಹಾಕ್ಕೊಂಡಿರ್ತಾನೆ" ಎಂದು ನಕ್ಕರು. ಅದು ತಮಾಷೆಯೋ ನಿಜವೋ ಕೇಳಲು ಹೋಗಲಿಲ್ಲ.

ಒಂದೂವರೆ ಗಂಟೆಗೆ ಅರವತ್ತು ರೂಪಾಯಿ ಕೊಟ್ಟು, 41 ಪರ್ಸೆಂಟಾದ ಗಾಡಿಯನ್ನು ಮತ್ತೆ ಸ್ಟೇಷನ್ನಿಗೆ ತಂದು 100 ಮಾಡಿಕೊಂಡೆವು. ಇಲ್ಲಿ ದರ 18, ತೆರಿಗೆ ಸೇರಿ ಬಿಲ್ಲು 237 ರೂಪಾಯಿ 89 ಪೈಸೆ. ಆಗ ನಡುಮಧ್ಯಾಹ್ನ. ಸೂರ್ಯ ನೆತ್ತಿಯ ಮೇಲೆ, ಪಾವಗಡದಂಥ ಕಡೆ ಸೋಲಾರ್ ಫಲಕಗಳು ಕರೆಂಟು ಸುರಿಸುವ ಹೊತ್ತು. ಬೆಳಿಗ್ಗೆ ಒಂಬತ್ತರಿಂದ ಸಂಜೆ ನಾಲ್ಕರವರೆಗೆ ಚಾರ್ಜಿಂಗ್ ಸ್ಟೇಷನ್ನುಗಳಿಗೆ ಸರಾಸರಿ ವೆಚ್ಚದ ಶೇ 70ರ ದರದಲ್ಲಿ, ಉಳಿದ ಹೊತ್ತಿನಲ್ಲಿ ಶೇ 130ರ ದರದಲ್ಲಿ ಕರೆಂಟು ಕೊಡಬೇಕೆಂದು ಕೇಂದ್ರದ 2024ರ ಮಾರ್ಗಸೂಚಿ ಹೇಳುತ್ತದೆ. ಬಿಸಿಲಿದ್ದಾಗ ಗಾಡಿಗೆ ತುಂಬಿಕೊಳ್ಳಿ ಎಂಬುದು ಅದರ ತಾತ್ಪರ್ಯ. ನಮ್ಮ ಬಿಲ್ಲನ್ನು ತಿರುಗಿಸಿ ಮುರುಗಿಸಿ ನೋಡಿದೆ, ಬಿಸಿಲು ಎಲ್ಲೂ ಕಾಣಲಿಲ್ಲ.

ಸಕಲೇಶಪುರದಲ್ಲಿ ಹೇಮಾವತಿ ಸೇತುವೆ ದಾಟುವಾಗ 57. ಎಲ್ಲೋ ಮೇಲೆ ಟಿಪ್ಪುವಿನ ನಕ್ಷತ್ರದಾಕಾರದ ಮಂಜರಾಬಾದ್ ಕೋಟೆ, ಹತ್ತಿ ನೋಡುವಷ್ಟು ಹೊತ್ತು ನಮ್ಮಲ್ಲಿ ಉಳಿದಿರಲಿಲ್ಲ. ಕಾಫಿ ಗಿಡಗಳ ನಡುವೆ ನೆರಳು ದಟ್ಟವಾಯಿತು. ದೋಣಿಗಾಲ್, ಆಮೇಲೆ 2024ರ ಜುಲೈಯಲ್ಲಿ ಗುಡ್ಡ ಜಾರಿ ದಾರಿ ಕಟ್ಟಿದ ದೊಡ್ಡತಪ್ಪಲೆ, ಆಮೇಲೆ ಮಾರನಹಳ್ಳಿ. ಅಲ್ಲಿಗೆ 46.

ಇಲ್ಲಿಂದ ಶಿರಾಡಿ ಇಳಿಯುತ್ತದೆ. ಚಿಕ್ಕಂದಿನಿಂದ ಎಷ್ಟು ಸಲ ಇಳಿದಿದ್ದೇನೋ ಲೆಕ್ಕವಿಲ್ಲ. ಈ ಘಾಟಿಯೆಂದರೆ ನನಗೆ ಮೂಗಿನಲ್ಲಿ ಉಳಿದದ್ದು ಕಾದ ಬ್ರೇಕಿನ ವಾಸನೆ, ಕಿವಿಯಲ್ಲಿ ಉಳಿದದ್ದು ಸೆಕೆಂಡ್ ಗೇರಿನಲ್ಲಿ ನರಳುವ ಬಸ್ಸು. ಈ ಸಲ ಹುಡುಗ ಆಕ್ಸಿಲರೇಟರಿನಿಂದ ಕಾಲು ತೆಗೆದ, ಅಷ್ಟೇ. ಗಾಡಿಯನ್ನು ಯಾರೋ ಹಿಂದಿನಿಂದ ಮೆತ್ತಗೆ ಹಿಡಿದೆಳೆದಂತಾಯಿತು. ಎಳೆಯುವುದನ್ನು ನಿಲ್ಲಿಸಿದ ಮೋಟಾರು ಈಗ ತಾನೇ ಡೈನಮೋ ಆಗಿ ತಿರುಗಿ ಬ್ಯಾಟರಿಗೆ ತುಂಬುತ್ತದೆ. ಅದು ತುಂಬುವ ಭಾರವೇ ಗಾಡಿಗೆ ಬ್ರೇಕು. ಡ್ಯಾಶ್‌ಬೋರ್ಡಿನ ಮೇಲೆ ಹಸಿರು ಗೆರೆಯೊಂದು ಹಿಮ್ಮುಖವಾಗಿ ಹರಿಯತೊಡಗಿತು. ಕೆಂಪುಹೊಳೆ ಕೆಳಗೆ ಬಂಡೆಗಳ ನಡುವೆ ಕಾಣುತ್ತಿತ್ತು, ಅದರ ಸದ್ದು ಕೇಳುತ್ತಿತ್ತು. ಶಿರಾಡಿಯಲ್ಲಿ ಗಾಡಿಯೊಳಗೆ ಕೂತು ಹೊಳೆಯ ಸದ್ದು ಕೇಳಿದ್ದು ನನ್ನ ಬದುಕಿನಲ್ಲಿ ಇದೇ ಮೊದಲು.

46 ಎಂಬುದು ಬಹಳ ಹೊತ್ತು ಕದಲಲಿಲ್ಲ. ಒಂದು ತಿರುವಿನಲ್ಲಿ 47 ಆಯಿತು. ಹುಡುಗ ಹಾರ್ನ್ ಹೊಡೆದ, ಸುಮ್ಮನೆ, ಖುಷಿಗೆ. "ಪೆಟ್ರೋಲು ಗಾಡಿ ಯಾವತ್ತಾದ್ರೂ ದಾರೀಲಿ ಪೆಟ್ರೋಲು ಹುಟ್ಟಿಸಿತ್ತಾ ಅಕ್ಕಾ?" ಗುಂಡ್ಯ ಬಂದಾಗ 50.

ನಾಲ್ಕು ಪರ್ಸೆಂಟು. ಅಂದರೆ ಮುಕ್ಕಾಲು ಯೂನಿಟ್ಟಿಗಿಂತ ಒಂಚೂರು ಜಾಸ್ತಿ. ಎರಡು ಟನ್ನಿಗೆ ಸಮೀಪದ ಭಾರ ಇಷ್ಟೆತ್ತರದಿಂದ ಇಳಿದರೆ ನಾಲ್ಕು ಯೂನಿಟ್ಟಿನಷ್ಟು ಶಕ್ತಿ ಬಿಡುಗಡೆಯಾಗಬೇಕು. ಚಕ್ರ ಉರುಳಿದ್ದಕ್ಕೆ, ಗಾಳಿ ಸೀಳಿದ್ದಕ್ಕೆ, ತಂತಿ ಬಿಸಿಯಾದದ್ದಕ್ಕೆ ಹೋದದ್ದು ಹೋಗಿ ಉಳಿದದ್ದು ಇದು. ಗನ್ನಿನ ದರದಲ್ಲಿ ಹದಿನೆಂಟು ರೂಪಾಯಿ, ಮನೆಯ ದರದಲ್ಲಿ ಐದೂಮುಕ್ಕಾಲು. ಹುಡುಗ ಗಾಡಿ ನಿಲ್ಲಿಸಿ ಪುಸ್ತಕ ತೆಗೆದು ಬರೆದ: ಶಿರಾಡಿ, +4, ರೂಪಾಯಿ ಕಾಲಂನಲ್ಲಿ ದೊಡ್ಡದೊಂದು ಸೊನ್ನೆ. ಅವನ ತಾಯಿಗೆ ತೋರಿಸಬೇಕೆಂದ.

ಗುಂಡ್ಯದಲ್ಲಿ ಚಹಾ ಕುಡಿಯುವಾಗ ನೆನಪಾಯಿತು: ಇಲ್ಲೇ ಒಂದು ಜಲವಿದ್ಯುತ್ ಯೋಜನೆ ಬರಬೇಕಾಗಿತ್ತು, 200 ಮೆಗಾವಾಟಿನದು. ಕಾಡು ಮುಳುಗುತ್ತದೆಂದು ಜನ ಎದ್ದರು, ಮಾಧವ ಗಾಡ್ಗೀಳರ ಸಮಿತಿಯೂ 2011ರಲ್ಲಿ ಬೇಡವೆಂದಿತು. ಹೊಳೆ ಇನ್ನೂ ಹೊಳೆಯಾಗಿಯೇ ಹರಿಯುತ್ತಿದೆ. ಕರೆಂಟು ಗಾಡಿಯಲ್ಲಿ ಕೂತು ಅದನ್ನು ನೋಡಿ ಸಂತೋಷಪಡುವುದರಲ್ಲಿ ಒಂದು ಸಣ್ಣ ಕಳ್ಳತನವಿದೆ, ಗೊತ್ತು. ಸಂತೋಷವನ್ನಂತೂ ಪಟ್ಟೆ.

ಸಂಜೆ ಐದಕ್ಕೆ 23 ಪರ್ಸೆಂಟಿನಲ್ಲಿ ಅಕ್ಕನ ಮನೆಯ ಅಂಗಳ. ಅಡಿಕೆ ಒಣಹಾಕಿದ್ದನ್ನು ಬದಿಗೆ ಸರಿಸಿ ಯಂತ್ರ ಇಳಿಸಿದರು. ಭಾವ ಅದರ ಸುತ್ತ ಎರಡು ಸುತ್ತು ಹಾಕಿ, ಆಮೇಲೆ ಗಾಡಿಯ ಸುತ್ತಲೂ ಹಾಕಿದರು. ಮೊದಲ ಪ್ರಶ್ನೆ, "ಎಷ್ಟಾಯ್ತು ಮಾರಾಯ, ಕರೆಂಟಿಗೆ?"

ಚಾವಡಿಯಲ್ಲಿ ಕೂತು ಹುಡುಗ ಕೂಡಿಸಿದ. ಮನೆ 144, ಬೆಳ್ಳೂರು 349, ಗಿರಣಿ 60, ಹಾಸನ 238. ಒಟ್ಟು 791. ಓಡಿದ್ದು 290 ಕಿಲೋಮೀಟರು, ಬ್ಯಾಟರಿಯಲ್ಲಿ ಇನ್ನೂ ಕಾಲು ಭಾಗಕ್ಕೆ ಸ್ವಲ್ಪ ಕಡಿಮೆ ಇದೆ. ಡೀಸೆಲ್ಲಾಗಿದ್ದರೆ ಈ ಲೋಡಿಗೆ ಲೀಟರಿಗೆ ಹದಿನೇಳು, ಲೀಟರಿಗೆ 91, ಸುಮಾರು 1,550. ಭಾವ, "ಅರ್ಧಕ್ಕರ್ಧ ಉಳಿಯಿತಲ್ಲ" ಎಂದರು.

"ಉಳೀತು ಅಂದ್ರೆ ಉಳೀತು. ಇಲ್ಲ ಅಂದ್ರೆ ಇಲ್ಲ" ಎಂದ ಹುಡುಗ. ಮನೆಯಲ್ಲಿ ಹಾಕಿದ ಕರೆಂಟಿನಲ್ಲಿ ಕಿಲೋಮೀಟರಿಗೆ ಒಂದೂಕಾಲು, ಒಂದೂವರೆ ರೂಪಾಯಿ. ಬೆಳ್ಳೂರಿನ ಗನ್ನಿನದರಲ್ಲಿ ನಾಲ್ಕೂಕಾಲರ ಮೇಲೆ. ಡೀಸೆಲ್ಲಿಗೆ ಐದೂಕಾಲು, ಐದೂವರೆ. ಗನ್ನಿನ ದರ ಇನ್ನೊಂದು ಐದು ರೂಪಾಯಿ ಏರಿದರೆ ಎರಡೂ ಒಂದೇ. ಜೊತೆಗೆ, ಹಾಸನದಲ್ಲಿ ಎರಡೂವರೆ ಗಂಟೆ, ಬೆಳ್ಳೂರಿನಲ್ಲಿ ಒಂದು. ಅಷ್ಟರಲ್ಲಿ ಪೀಣ್ಯದಲ್ಲಿ ಎರಡು ಬಾಡಿಗೆ. ಡೀಸೆಲ್ ಗಾಡಿಗಿಂತ ಹೆಚ್ಚು ಕೊಟ್ಟು ಕೊಂಡ ಗಾಡಿಯ ಕಂತು ನಿಂತಾಗಲೂ ಓಡುತ್ತಿರುತ್ತದೆ. "ಇದು ರಾತ್ರಿ ಮನೇಲಿ ತಿಂದು ಹಗಲು ಊರೊಳಗೆ ದುಡಿಯೋ ಗಾಡಿ ಸಾರ್. ಹೋಟ್ಲಲ್ಲಿ ತಿನ್ಕೊಂಡು ದುಡಿಯೋದಲ್ಲ."

ಹೆಂಗಸರ ಪ್ರಶ್ನೆ ಬೇರೆಯಿತ್ತು. ರಾತ್ರಿ ಜಗುಲಿಯ ಪ್ಲಗ್ಗಿಗೆ ಗಾಡಿ ಸಿಕ್ಕಿಸಿದ್ದೇ ತಡ, ಒಳಗೆ ಟ್ಯೂಬ್‌ಲೈಟು ಕಣ್ಣು ಹೊಡೆಯಿತು. ಮೆಸ್ಕಾಂನವರ ಲೈನಿನ ಕೊನೆಯ ಮನೆ ಅದು, ಸಂಜೆಯಾದರೆ ವೋಲ್ಟೇಜು ಮೊದಲೇ ಸೊರಗಿರುತ್ತದೆ. ಅಕ್ಕ ಅಡಿಗೆಮನೆಯಿಂದಲೇ, "ನಮ್ಮ ಸೊನ್ನೆ ಬಿಲ್ಲಿಗೂ ಈಗ ಕಲ್ಲು ಬಿತ್ತಾ?" ಎಂದಳು. ಹುಡುಗ ಗಾಬರಿಯಿಂದ ಎದ್ದು, ಹದಿನೆಂಟು ಯೂನಿಟ್ಟಾಗಬಹುದು, ದುಡ್ಡು ಕೊಡುತ್ತೇನೆ ಎಂದ. "ಬಂದವರಿಗೆ ಊಟಕ್ಕೆ ದುಡ್ಡು ತೆಗೊಳ್ತೇವಾ? ಕರೆಂಟಿಗೆ ತೆಗೊಳ್ಳುವುದಾ? ಕೂತ್ಕೋ" ಎಂದು ಬೈದಳು. ಭಾವ ಎದ್ದುಹೋಗಿ ಫ್ರಿಜ್ಜಿನ ಸ್ವಿಚ್ ಆರಿಸಿ ಬಂದರು.

ಬೆಳಿಗ್ಗೆ ಆರಕ್ಕೆ ನೂರು ತುಂಬಿತ್ತು. ರಿಟರ್ನ್ ಲೋಡು ಸಿಕ್ಕಿರಲಿಲ್ಲ. ಅಕ್ಕ ನಲವತ್ತು ತೆಂಗಿನಕಾಯಿ, ಒಂದು ನೇಂದ್ರ ಗೊನೆ ತಂದು ಗಾಡಿಗೆ ಹಾಕಿಸಿದಳು, ಇನ್ನೂ ಒಂದು ಗೋಣಿ ತರಲು ಹೊರಟವಳನ್ನು ಹುಡುಗ ತಡೆದ. ಗುಂಡ್ಯದಿಂದ ಮೇಲಕ್ಕೆ ಎಷ್ಟು ತಿನ್ನುತ್ತದೋ ಗೊತ್ತಿಲ್ಲ, ಸಕಲೇಶಪುರ ಮುಟ್ಟಿದರೆ ಸಾಕು. "ಕಾಯಿ ಭಾರಕ್ಕೂ ಪರ್ಸೆಂಟು ಹೋಯ್ತದಾ?" ಎಂದು ಭಾವ. ಹೋಗುತ್ತದೆ, ಕ್ವಿಂಟಲಿಗೆ ಒಂದು ಎಂದು ನಾನು ಹೇಳಿದೆ. ಅಕ್ಕ ಇದನ್ನು ನಂಬಲಿಲ್ಲ, ಆದರೆ ಗೋಣಿ ಅಲ್ಲೇ ಉಳಿಯಿತು.

ಮಧ್ಯಾಹ್ನದ ಹೊತ್ತಿಗೆ ನನ್ನ ಫೋನಿಗೆ ಒಂದು ಫೋಟೋ ಬಂತು, ಬೈಂಡ್ ಪುಸ್ತಕದ ಪುಟ. ಉಪ್ಪಿನಂಗಡಿ, 18 ಯೂನಿಟ್ಟು, ರೂಪಾಯಿ ಕಾಲಂನಲ್ಲಿ "ಊಟ". ಅದರ ಕೆಳಗೆ ಶಿರಾಡಿ, −33. ಸಕಲೇಶಪುರ, 14 ಉಳಿದಿದೆ. ಕೊನೆಯ ಸಾಲು, ಬೇರೆ ಪೆನ್ನಿನಲ್ಲಿ: ಕಾಯಿ 40, ಗೊನೆ 1, ಅವ್ವನಿಗೆ.